ಮುಮ್ಮಡಿ ಕೃಷ್ಣರಾಜ ಒಡೆಯರ ಆಟಗಳು

ಮುಮ್ಮಡಿ ಕೃಷ್ಣರಾಜ ಒಡೆಯರು (ಜುಲೈ 14, 1794 – ಮಾರ್ಚ್ 27, 1868) ಮೈಸೂರು ಸಂಸ್ಥಾನದ ಅರಸರು, ಗ್ರಂಥಕರ್ತರು ಮತ್ತು ಹತ್ತೊಂಬತ್ತನೆಯ ಶತಮಾನದ ಭಾರತದಲ್ಲಿ ಕುಳಿತು ಆಡುವ ಆಟಗಳನ್ನು ರಚಿಸಿದವರಲ್ಲಿ ಪ್ರಮುಖರು. ಛದ ಎಂಬ ಹೆಸರಿನ ಎಲೆಯಾಟಗಳು, ಮಣೆಯ ಮೇಲೆ ಕಾಯಿ ನಡೆಸುವ ಆಟಗಳು ಮತ್ತು ಚದುರಂಗದ ಕುದುರೆಯ ನಡೆಯನ್ನು ಆಧರಿಸಿದ ಗಣಿತ ಬಂಧಗಳು ಅವರ ಹೆಸರಿನಲ್ಲಿ ಉಳಿದುಬಂದಿವೆ. ಇವುಗಳಲ್ಲಿ ಹಲವನ್ನು ಅವರ ಆಶ್ರಯದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿ ಎಂಬ ಸಚಿತ್ರ ಸಂಸ್ಕೃತ ಕೋಶದ ಕೊನೆಯ ಭಾಗವಾದ ಕೌತುಕನಿಧಿಯಲ್ಲಿ ವಿವರಿಸಲಾಗಿದೆ. ಹೊಸ ಆಟಗಳನ್ನು ಕಲ್ಪಿಸಿದ್ದಷ್ಟೇ ಅಲ್ಲದೆ, ಹಳೆಯ ಆಟಗಳ ನಿಯಮಗಳನ್ನು ಕ್ರಮಬದ್ಧವಾಗಿ ಬರೆಯಿಸಿ, ಚಿತ್ರಿಸಿ, ಸಂಪಾದಿಸಿ ಇಟ್ಟದ್ದು ಅವರ ಕೆಲಸದ ವಿಶೇಷ.

ಜೀವನದ ಹಿನ್ನೆಲೆ

ಕೃಷ್ಣರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಖಾಸಾ ಚಾಮರಾಜ ಒಡೆಯರ ಮಗನಾಗಿ ಜನಿಸಿದರು. 1799ರ ಮೇ 4ರಂದು ನಾಲ್ಕನೆಯ ಮೈಸೂರು ಯುದ್ಧದಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಈಸ್ಟ್ ಇಂಡಿಯಾ ಕಂಪನಿಯು ಸಂಸ್ಥಾನದ ಒಂದು ಭಾಗವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿತು. ಅದೇ ವರ್ಷದ ಜೂನ್ 30ರಂದು, ಐದು ವರ್ಷ ತುಂಬುವ ಮೊದಲೇ, ಅವರಿಗೆ ಪಟ್ಟಾಭಿಷೇಕವಾಯಿತು. ರಾಜಧಾನಿ ಶ್ರೀರಂಗಪಟ್ಟಣದಿಂದ ಮೈಸೂರಿಗೆ ಬಂದಿತು. ಬಾಲಕ ಅರಸನ ಪರವಾಗಿ ರಾಣಿ ಲಕ್ಷ್ಮಮ್ಮಣ್ಣಿಯವರ ಮೇಲ್ವಿಚಾರಣೆಯಲ್ಲಿ ದಿವಾನ್ ಪೂರ್ಣಯ್ಯನವರು ಆಡಳಿತ ನಡೆಸಿದರು. ಪೂರ್ಣಯ್ಯನವರು ನಿವೃತ್ತರಾದ ಮೇಲೆ ಅರಸರು ಸ್ವತಃ ಅಧಿಕಾರ ವಹಿಸಿಕೊಂಡರು.

1830–31ರಲ್ಲಿ ನಗರ ಪ್ರಾಂತದಲ್ಲಿ ರೈತರ ದಂಗೆ ಎದ್ದಿತು. ಆಡಳಿತ ಹದಗೆಟ್ಟಿದೆ ಎಂಬ ಕಾರಣವನ್ನು ಮುಂದಿಟ್ಟು ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ 1831ರ ಅಕ್ಟೋಬರಿನಲ್ಲಿ ಸಂಸ್ಥಾನದ ಆಡಳಿತವನ್ನು ಕಂಪನಿಯ ಕೈಗೆ ತೆಗೆದುಕೊಂಡನು. ಅರಸರಿಗೆ ಪದವಿ, ಅರಮನೆ, ವರ್ಷಕ್ಕೆ ಒಂದು ಲಕ್ಷ ವರಹ ಮತ್ತು ನಿವ್ವಳ ಕಂದಾಯದ ಐದನೆಯ ಒಂದು ಭಾಗ ಉಳಿದವು. ರಾಜ್ಯವಾಳುವ ಅಧಿಕಾರ ಉಳಿಯಲಿಲ್ಲ. ಮುಂದೆ ಮಾರ್ಕ್ ಕಬ್ಬನ್ ಮತ್ತು ಲೂಯಿನ್ ಬೌರಿಂಗ್ ಅವರಂತಹ ಕಮಿಷನರುಗಳು ಬೆಂಗಳೂರಿನಿಂದ ಆಡಳಿತ ನಡೆಸಿದರು. ಆಗ ಅರಸರಿಗೆ ಮೂವತ್ತೇಳು ವರ್ಷ. ಮುಂದಿನ ಮೂವತ್ತಾರು ವರ್ಷಗಳ ಕಾಲ ಅವರು ಅಧಿಕಾರವನ್ನು ಮರಳಿ ಪಡೆಯಲು ಮನವಿಗಳನ್ನು ಸಲ್ಲಿಸುತ್ತಲೇ ಇದ್ದರು. ಜೊತೆಗೆ ಸಂಗೀತ, ಸಾಹಿತ್ಯ, ಚಿತ್ರಕಲೆ, ಜ್ಯೋತಿಷ ಮತ್ತು ಆಟಗಳ ಕಡೆಗೆ ಆಸ್ಥಾನದ ಶಕ್ತಿಯನ್ನು ತಿರುಗಿಸಿದರು. ಆಟಗಳ ರಚನೆ ಮತ್ತು ಸಂಕಲನವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗುತ್ತದೆ.

ಕರ್ನಾಟಕದಲ್ಲಿ ಆಟಗಳನ್ನು ಬರೆದಿಟ್ಟ ಪರಂಪರೆ

ಅರಸನೊಬ್ಬ ಆಟಗಳ ಬಗ್ಗೆ ಗ್ರಂಥ ಬರೆಯುವುದು ಕರ್ನಾಟಕಕ್ಕೆ ಹೊಸದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸ ಅಥವಾ ಅಭಿಲಷಿತಾರ್ಥಚಿಂತಾಮಣಿ ಎಂಬ ಸಂಸ್ಕೃತ ವಿಶ್ವಕೋಶವು ಇದರ ಪ್ರಸಿದ್ಧ ಪೂರ್ವೋದಾಹರಣೆ. ಅವನ ರಾಜಧಾನಿಯಾದ ಕಲ್ಯಾಣವು ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಕಲಬುರಗಿ ಜಿಲ್ಲೆಯ ಆಳಂದ ಸೀಮೆಯಿಂದ ಹೆಚ್ಚು ದೂರದಲ್ಲಿಲ್ಲ. ಮಾನಸೋಲ್ಲಾಸದಲ್ಲಿ ತಲಾ 20 ಅಧ್ಯಾಯಗಳ ಐದು ವಿಂಶತಿಗಳಿದ್ದು, ಐದನೆಯದಾದ ಕ್ರೀಡಾವಿಂಶತಿಯು ಪೂರ್ತಿಯಾಗಿ ಆಟ ಮತ್ತು ವಿಹಾರಗಳಿಗೆ ಮೀಸಲಾಗಿದೆ. ಚದುರಂಗ, ದಾಳದ ಆಟ, ಕವಡೆಯಾಟ ಮುಂತಾದವುಗಳ ವಿವರಣೆ ಅಲ್ಲಿದೆ. ಚದುರಂಗದ ಕುದುರೆಯು ಎಲ್ಲ ಮನೆಗಳನ್ನು ಒಂದೊಂದೇ ಬಾರಿ ಮುಟ್ಟುವ ಕ್ರಮವನ್ನೂ ಸೋಮೇಶ್ವರನು ಹೇಳಿದ್ದಾನೆ.

ಗ್ರಂಥಗಳ ಹೊರಗೆ ಜನರ ನಡುವೆ ಆಟಗಳ ಇನ್ನೊಂದು ಪರಂಪರೆ ಇತ್ತು. ಪಗಡೆ, ಚೌಕಾಬಾರ, ಅಳಿಗುಳಿಮಣೆ ಅಥವಾ ಚೆನ್ನೆಮಣೆ, ಆಡು ಹುಲಿ ಆಟ, ಪರಮಪದ ಸೋಪಾನಪಟ ಮುಂತಾದವು ಮನೆಯ ಜಗುಲಿ, ದೇವಾಲಯದ ಅಂಗಳ, ಊರ ಕಟ್ಟೆಗಳಲ್ಲಿ ನಡೆಯುತ್ತಿದ್ದವು. ಹಂಪೆಯೂ ಸೇರಿದಂತೆ ಕರ್ನಾಟಕದ ಹಲವು ಹಳೆಯ ದೇವಾಲಯಗಳ ಕಲ್ಲುಹಾಸಿನ ಮೇಲೆ ಇಂತಹ ಆಟಗಳ ಮನೆಗಳನ್ನು ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಈ ಆಟಗಳ ನಿಯಮಗಳು ಬಾಯಿಂದ ಬಾಯಿಗೆ ಹರಿದುಬಂದವು. ಆಡುವುದು ನಿಂತುಹೋದರೆ ಗೆರೆಗಳು ಮಾತ್ರ ಉಳಿಯುತ್ತವೆ, ನಿಯಮ ಮರೆಯಾಗುತ್ತದೆ. ಆಟದ ಜೊತೆಗೆ ಅದರ ನಿಯಮವನ್ನೂ ಬರೆದಿಡುವ ಮೈಸೂರು ಅರಮನೆಯ ಪ್ರಯತ್ನಕ್ಕೆ ಇದರಿಂದಲೇ ಮಹತ್ವ ಬಂದಿದೆ.

ಸಂಕಲನಕಾರರಾಗಿ: ಶ್ರೀತತ್ತ್ವನಿಧಿ

ಶ್ರೀತತ್ತ್ವನಿಧಿಯು ಒಂಬತ್ತು ಭಾಗಗಳ ಬೃಹತ್ ಸಂಕಲನ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ ಮತ್ತು ಕೌತುಕನಿಧಿ ಎಂಬವು ಅದರ ಒಂಬತ್ತು ನಿಧಿಗಳು. ಪುರಾಣ, ಆಗಮ, ಶಿಲ್ಪಶಾಸ್ತ್ರ ಮುಂತಾದ ಆಕರಗಳಿಂದ ದೇವತೆಗಳ ಧ್ಯಾನಶ್ಲೋಕಗಳನ್ನು ಆಯ್ದು, ಪ್ರತಿ ಶ್ಲೋಕಕ್ಕೂ ತಕ್ಕ ವರ್ಣಚಿತ್ರವನ್ನು ಮೈಸೂರು ಶೈಲಿಯಲ್ಲಿ ಬರೆಯಿಸಲಾಗಿದೆ. ಸಂಸ್ಕೃತ ಶ್ಲೋಕಗಳನ್ನು ಕನ್ನಡ ಲಿಪಿಯಲ್ಲಿ ಬರೆಯಲಾಗಿದೆ. ಗ್ರಂಥವು ಅರಸರ ಹೆಸರಿನಲ್ಲಿದ್ದರೂ ಇಷ್ಟು ದೊಡ್ಡ ಕಾರ್ಯದಲ್ಲಿ ಆಸ್ಥಾನದ ಪಂಡಿತರು, ಲಿಪಿಕಾರರು ಮತ್ತು ಚಿತ್ರಗಾರರು ಒಟ್ಟಾಗಿ ದುಡಿದಿದ್ದಾರೆ.

ಮೊದಲ ಎಂಟು ನಿಧಿಗಳು ದೇವತೆಗಳು, ಗ್ರಹಗಳು, ಆಗಮಗಳು ಮೊದಲಾದ ವಿಷಯಗಳಿಗೆ ಸೇರಿದರೆ ಒಂಬತ್ತನೆಯದಾದ ಕೌತುಕನಿಧಿಯ ವಸ್ತು ಭಿನ್ನವಾದದ್ದು. ಹೆಸರೇ ಸೂಚಿಸುವಂತೆ ಕುತೂಹಲ ಮತ್ತು ವಿನೋದಕ್ಕೆ ಸಂಬಂಧಿಸಿದ ವಿಷಯಗಳು ಇಲ್ಲಿವೆ. 122 ಯೋಗಾಸನಗಳ ಚಿತ್ರಸಹಿತ ವಿವರಣೆ ಈ ಭಾಗದಲ್ಲಿಯೇ ಇದೆ. ಎನ್. ಇ. ಸ್ಯೋಮನ್ ಅವರು 1996ರಲ್ಲಿ ಮೈಸೂರು ಅರಮನೆಯ ಯೋಗ ಪರಂಪರೆಯ ಕುರಿತು ಪ್ರಕಟಿಸಿದ ಪುಸ್ತಕದಿಂದ ಆಸನಗಳ ಭಾಗ ಜಗತ್ತಿನ ಗಮನ ಸೆಳೆಯಿತು. ಅದೇ ನಿಧಿಯಲ್ಲಿರುವ ಆಟಗಳ ಭಾಗ ಅಷ್ಟು ಪ್ರಚಾರ ಪಡೆಯಲಿಲ್ಲ.

ಕೌತುಕನಿಧಿಯ ಆಟಗಳ ಭಾಗದಲ್ಲಿ ಸಂಪಾದಕನ ದೃಷ್ಟಿ ಸ್ಪಷ್ಟವಾಗಿ ಕಾಣುತ್ತದೆ. ಪ್ರತಿ ಛದಕ್ಕೂ ಒಂದು ಹೆಸರಿದೆ. ಅದರಲ್ಲಿರಬೇಕಾದ ಎಲೆಗಳ ಎಣಿಕೆ, ಅವುಗಳ ವರ್ಗ, ಪ್ರತಿ ವರ್ಗದ ಚಿಹ್ನೆ, ಚಿತ್ರದೆಲೆಗಳ ಸ್ವರೂಪ ಎಲ್ಲವನ್ನೂ ಹೇಳಲಾಗಿದೆ. ಎಲೆಗಳ ಬಣ್ಣದ ಮಾದರಿಗಳನ್ನೂ ಕೊಡಲಾಗಿದೆ. ದೇವತೆಯ ಮೂರ್ತಿಲಕ್ಷಣವನ್ನು ನಿರೂಪಿಸಲು ಬಳಸಿದ ಶಿಸ್ತನ್ನೇ ಆಟದೆಲೆಯ ಲಕ್ಷಣಕ್ಕೂ ಬಳಸಲಾಗಿದೆ. ಚಿತ್ರಗಾರನೊಬ್ಬ ಈ ಪುಟಗಳನ್ನು ಎದುರಿಗಿಟ್ಟುಕೊಂಡು ಹೊಸದಾಗಿ ಎಲೆಗಳ ಕಟ್ಟನ್ನು ಬರೆಯಬಹುದು.

ಛದಗಳು

ಗಂಜೀಫಾ ಮೂಲ

ಕೃಷ್ಣರಾಜ ಒಡೆಯರ ಛದಗಳಿಗೆ ಆಧಾರವಾದುದು ಗಂಜೀಫಾ ಆಟ. ಪರ್ಷಿಯಾದ ಕಡೆಯಿಂದ ಭಾರತಕ್ಕೆ ಬಂದ ಈ ಆಟದ ಉಲ್ಲೇಖವನ್ನು ಬಾಬರನ ಆತ್ಮಕಥೆಯಲ್ಲಿ ಕಾಣಬಹುದು; 1527ರಲ್ಲಿ ಆತ ಸಿಂಧದ ಶಾ ಹುಸೇನನಿಗೆ ಗಂಜೀಫಾ ಎಲೆಗಳನ್ನು ಕಳುಹಿಸಿದ ಸಂಗತಿ ಅಲ್ಲಿದೆ. ಅಕ್ಬರನು ಆಡುತ್ತಿದ್ದ 12 ವರ್ಗಗಳ, ಒಟ್ಟು 144 ಎಲೆಗಳ ಕಟ್ಟನ್ನು ಅಬುಲ್ ಫಜಲ್ ಐನ್-ಇ-ಅಕ್ಬರಿಯಲ್ಲಿ ವರ್ಣಿಸಿದ್ದಾನೆ. ಸಾಮಾನ್ಯವಾಗಿ ಬಳಕೆಯಲ್ಲಿದ್ದ ಮೊಘಲ್ ಗಂಜೀಫಾದಲ್ಲಿ 8 ವರ್ಗಗಳೂ 96 ಎಲೆಗಳೂ ಇದ್ದವು. ಇದನ್ನು ಹಿಂದೂ ಸಮಾಜ ತನ್ನದಾಗಿಸಿಕೊಂಡಾಗ ದಶಾವತಾರ ಗಂಜೀಫಾ ಹುಟ್ಟಿತು. ಅದರಲ್ಲಿ ವಿಷ್ಣುವಿನ ಹತ್ತು ಅವತಾರಗಳಿಗೆ ಒಂದೊಂದು ವರ್ಗ, ಪ್ರತಿ ವರ್ಗದಲ್ಲಿ 12 ಎಲೆ, ಒಟ್ಟು 120 ಎಲೆ.

ಪ್ರತಿ ವರ್ಗದಲ್ಲಿ ರಾಜ ಮತ್ತು ಮಂತ್ರಿ ಎಂಬ ಎರಡು ಚಿತ್ರದೆಲೆಗಳೂ ಒಂದರಿಂದ ಹತ್ತರವರೆಗಿನ ಅಂಕಿಯೆಲೆಗಳೂ ಇರುತ್ತವೆ. ಅರ್ಧದಷ್ಟು ವರ್ಗಗಳಲ್ಲಿ ಹತ್ತು ದೊಡ್ಡದು, ಒಂದು ಚಿಕ್ಕದು. ಉಳಿದ ಅರ್ಧದಲ್ಲಿ ಈ ಕ್ರಮ ತಲೆಕೆಳಗು, ಒಂದೇ ದೊಡ್ಡದು, ಹತ್ತು ಚಿಕ್ಕದು. ಸಾಮಾನ್ಯವಾಗಿ ಮೂವರು ಆಡುವ ಈ ಆಟದಲ್ಲಿ ತುರುಫು ಇರುವುದಿಲ್ಲ. ಯಾವ ಎಲೆಗಳು ಬಿದ್ದುಹೋಗಿವೆ ಎಂಬುದನ್ನು ನೆನಪಿಟ್ಟುಕೊಳ್ಳುವುದೇ ಆಟಗಾರನ ಮುಖ್ಯ ಬಲ. ದಶಾವತಾರ ಗಂಜೀಫಾದಲ್ಲಿ ಹಗಲಿನಲ್ಲಿ ರಾಮನ ರಾಜ ಯಾರ ಕೈಯಲ್ಲಿದೆಯೋ ಅವರು, ರಾತ್ರಿಯಲ್ಲಿ ಕೃಷ್ಣನ ರಾಜ ಯಾರ ಕೈಯಲ್ಲಿದೆಯೋ ಅವರು ಮೊದಲು ಎಲೆ ಇಳಿಸುವುದು ವಾಡಿಕೆ.

ಮೈಸೂರಿನ ಮಾರ್ಪಾಡುಗಳು

ಛದ ಎಂದರೆ ಸಂಸ್ಕೃತದಲ್ಲಿ ಎಲೆ, ಹೊದಿಕೆ. ಗಂಜೀಫಾ ಎಂಬ ಪರ್ಷಿಯನ್ ಹೆಸರಿನ ಬದಲಿಗೆ ಈ ಪದವನ್ನು ಆಯ್ದುಕೊಂಡದ್ದರಲ್ಲಿಯೇ ಆಟಕ್ಕೆ ಹೊಸ ನೆಲೆ ಕೊಡುವ ಉದ್ದೇಶ ಕಾಣುತ್ತದೆ. ಮಾರ್ಪಾಡು ಹೆಸರಿಗೆ ಸೀಮಿತವಾಗಿರಲಿಲ್ಲ. ಮೈಸೂರಿನ ಛದಗಳಲ್ಲಿ ಮುಖ್ಯವಾಗಿ ಈ ಬದಲಾವಣೆಗಳನ್ನು ಗುರುತಿಸಬಹುದು:

ಎಲೆಗಳ ಸಂಖ್ಯೆ: ಒಂದು ವರ್ಗದಲ್ಲಿ 10 ಅಂಕಿಯೆಲೆ ಮತ್ತು 2 ಚಿತ್ರದೆಲೆಗಳ ಬದಲಿಗೆ ಸಾಮಾನ್ಯವಾಗಿ 12 ಅಂಕಿಯೆಲೆ ಮತ್ತು 6 ಚಿತ್ರದೆಲೆಗಳು ಬಂದವು. ಹೀಗೆ ನಾಲ್ಕೇ ವರ್ಗಗಳಿದ್ದರೂ ಕಟ್ಟು 72 ಎಲೆಗಳದ್ದಾಗುತ್ತದೆ.

ವರ್ಗಗಳ ಸಂಖ್ಯೆ: ಕೆಲವು ಛದಗಳಲ್ಲಿ ವರ್ಗಗಳು 18ರವರೆಗೆ ಏರುತ್ತವೆ. ಅತಿ ದೊಡ್ಡ ಕಟ್ಟಿನಲ್ಲಿ 360 ಎಲೆಗಳಿವೆ.

ವಿಶೇಷ ಎಲೆಗಳು: ಯಾವಾಗಲೂ ತುರುಫಾಗಿರುವ ವರ್ಗ ಮತ್ತು ಬೇರೆ ಎಲೆಗಳ ಸ್ಥಾನದಲ್ಲಿ ಬಳಸಬಹುದಾದ ಎಲೆ ಎಂಬ ಕಲ್ಪನೆಗಳು ಸೇರಿದವು. ಇವು ಮೂಲ ಗಂಜೀಫಾದಲ್ಲಿ ಇರಲಿಲ್ಲ.

ವಸ್ತು: ವರ್ಗಗಳಿಗೆ ದೇವತೆಗಳು, ನವಗ್ರಹಗಳು, ದಿಕ್ಪಾಲಕರು, ಪಾಂಡವರು ಮುಂತಾದ ಸಮೂಹಗಳನ್ನು ಆರಿಸಿಕೊಳ್ಳಲಾಯಿತು.

ಚಾಮುಂಡೇಶ್ವರೀ ಛದ, ಜಗನ್ಮೋಹನ ಛದ, ನವಗ್ರಹ ಛದ, ಪಂಚಪಾಂಡವ ಛದ, ದಿಕ್ಪಾಲ ಛದ, ಕೃಷ್ಣರಾಜ ಛದ ಮುಂತಾದವು ಈ ಸರಣಿಯ ಕೆಲವು ಹೆಸರುಗಳು. ಒಡೆಯರ ಮನೆದೇವತೆಯಾದ ಚಾಮುಂಡೇಶ್ವರಿಯ ಹೆಸರಿನ ಛದವು ದೊಡ್ಡ ಕಟ್ಟುಗಳಲ್ಲಿ ಒಂದು.

ರಚನೆಯ ದೃಷ್ಟಿಯಿಂದ ಈ ಬದಲಾವಣೆಗಳ ಪರಿಣಾಮ ಗಮನಾರ್ಹವಾದದ್ದು. ಆಡುವವರ ನೆನಪಿನ ಮೇಲೆ ನಿಂತಿದ್ದ ಆಟದಲ್ಲಿ ಎಲೆಗಳು ಮೂರು ಪಟ್ಟಾದರೆ ನೆನಪಿನ ಹೊರೆಯೂ ಅಷ್ಟೇ ಹೆಚ್ಚುತ್ತದೆ. ತುರುಫು ಸೇರಿದಾಗ ಚಿಕ್ಕ ಎಲೆಯಿಂದಲೂ ಸುತ್ತನ್ನು ಗೆಲ್ಲುವ ಅವಕಾಶ ಹುಟ್ಟಿ ಲೆಕ್ಕಾಚಾರ ಬದಲಾಗುತ್ತದೆ. ದೇವತಾಸಮೂಹವೊಂದನ್ನು ಎಲೆಗಳಲ್ಲಿ ಹಂಚಿದಾಗ ಆಟವಾಡುವವನು ಅವುಗಳ ಹೆಸರು, ಬಣ್ಣ, ವಾಹನ, ಆಯುಧಗಳನ್ನು ಅರಿತಿರಲೇಬೇಕಾಗುತ್ತದೆ. ಆದ್ದರಿಂದ ಛದವು ವಿನೋದದ ಜೊತೆಗೆ ಮೂರ್ತಿಲಕ್ಷಣವನ್ನು ಕಲಿಸುವ ಸಾಧನವೂ ಆಗಿತ್ತೆಂದು ಹೇಳಬಹುದು.

ತಯಾರಿಕೆ

ಗಂಜೀಫಾ ಎಲೆಗಳು ಹೆಚ್ಚಾಗಿ ದುಂಡಗಿರುತ್ತವೆ. ಶ್ರೀಮಂತರಿಗೆ ದಂತ ಅಥವಾ ಆಮೆಯ ಚಿಪ್ಪಿನ ತೆಳು ಬಿಲ್ಲೆಗಳ ಮೇಲೆ ಚಿತ್ರ ಬರೆಯುತ್ತಿದ್ದರು. ಉಳಿದವರಿಗೆ ಬಟ್ಟೆ ಅಥವಾ ಕಾಗದದ ಪದರಗಳನ್ನು ಹುಣಸೆಬೀಜದ ಅಂಟಿನಿಂದ ಒಂದರ ಮೇಲೊಂದು ಅಂಟಿಸಿ, ಒಣಗಿಸಿ, ಕತ್ತರಿಸಿ, ಬಣ್ಣ ಬಳಿದು, ಮೇಲೆ ಅರಗಿನ ಲೇಪ ಕೊಡುತ್ತಿದ್ದರು. ಎಲೆಗಳ ಬೆನ್ನು ಒಂದೇ ಬಣ್ಣದ್ದಾಗಿರುತ್ತಿತ್ತು. ಮೈಸೂರು ಚಿತ್ರಕಲೆಯ ಸೂಕ್ಷ್ಮ ರೇಖೆ ಮತ್ತು ತಿಳಿಯಾದ ಬಣ್ಣಗಳು ಇಲ್ಲಿನ ಎಲೆಗಳಲ್ಲಿಯೂ ಕಾಣುತ್ತವೆ. ನೂರಾರು ಎಲೆಗಳ ಕಟ್ಟೊಂದನ್ನು ಕೈಯಿಂದ ಬರೆಯುವುದು ದೀರ್ಘ ಕಾಲದ ದುಡಿಮೆ ಬೇಡುವ ಕೆಲಸ. ಅರಮನೆಯ ಆಶ್ರಯವಿಲ್ಲದೆ ಇದು ನಡೆಯುವಂತಿರಲಿಲ್ಲ.

ಚದುರಂಗ ಮತ್ತು ಕುದುರೆಯ ನಡೆ

ಕೃಷ್ಣರಾಜ ಒಡೆಯರಿಗೆ ಚದುರಂಗದಲ್ಲಿ ವಿಶೇಷ ಆಸಕ್ತಿ ಇತ್ತು. ಚತುರಂಗಸಾರಸರ್ವಸ್ವ ಎಂಬ ಕೃತಿ ಅವರ ಹೆಸರಿನಲ್ಲಿದೆ. ಚದುರಂಗದ ಇತಿಹಾಸಕಾರರು ಅವರನ್ನು ಮುಖ್ಯವಾಗಿ ನೆನೆಯುವುದು ಕುದುರೆಯ ಸಂಚಾರದ ಬಂಧಗಳಿಗಾಗಿ. ಕುದುರೆಯು ಎರಡು ಮನೆ ನೇರವಾಗಿ, ಒಂದು ಮನೆ ಪಕ್ಕಕ್ಕೆ ಹಾರುವ ತನ್ನ ನಡೆಯಿಂದಲೇ 64 ಮನೆಗಳನ್ನೂ ತಲಾ ಒಂದೇ ಬಾರಿ ಮುಟ್ಟಬೇಕು ಎಂಬುದು ಇದರ ಸಮಸ್ಯೆ. ಕೊನೆಯ ಮನೆಯಿಂದ ಇನ್ನೊಂದು ಹಾರಿಕೆಯಲ್ಲಿ ಮೊದಲ ಮನೆಗೆ ಮರಳಬಹುದಾದರೆ ಅದು ಮುಚ್ಚಿದ ಸಂಚಾರ. ಕುದುರೆ ಪ್ರತಿ ನಡೆಯಲ್ಲಿಯೂ ಕಪ್ಪಿನಿಂದ ಬಿಳಿಗೆ, ಬಿಳಿಯಿಂದ ಕಪ್ಪಿಗೆ ಬಣ್ಣ ಬದಲಿಸುವುದರಿಂದ ಬೆಸ ಸಂಖ್ಯೆಯ ಮನೆಗಳಿರುವ ಮಣೆಯಲ್ಲಿ ಮುಚ್ಚಿದ ಸಂಚಾರ ಸಾಧ್ಯವಿಲ್ಲ.

ಭಾರತದಲ್ಲಿ ಈ ಸಮಸ್ಯೆ ಕಾವ್ಯದ ಮೂಲಕ ಬೆಳೆಯಿತು. ಒಂಬತ್ತನೆಯ ಶತಮಾನದ ರುದ್ರಟನು ಕಾವ್ಯಾಲಂಕಾರದಲ್ಲಿ ಅರ್ಧ ಮಣೆಯ ತುರಗಪದ ಬಂಧವನ್ನು ಕೊಟ್ಟಿದ್ದಾನೆ. ಇಂತಹ ಬಂಧದಲ್ಲಿ ಒಂದೊಂದು ಮನೆಗೆ ಒಂದೊಂದು ಅಕ್ಷರ. ಸಾಲಾಗಿ ಓದಿದರೆ ಒಂದು ಶ್ಲೋಕ, ಕುದುರೆಯ ನಡೆಯಂತೆ ಓದಿದರೂ ಶ್ಲೋಕ. ಹದಿನಾಲ್ಕನೆಯ ಶತಮಾನದಲ್ಲಿ ವೇದಾಂತದೇಶಿಕರು ಪಾದುಕಾಸಹಸ್ರದಲ್ಲಿ ಈ ಚಮತ್ಕಾರವನ್ನು ಬಳಸಿದರು. ಮೈಸೂರಿನ ಅರಸರು ಈ ಪರಂಪರೆಗೆ ಗಣಿತದ ಇನ್ನೊಂದು ಕಟ್ಟುಪಾಡನ್ನು ಸೇರಿಸಿದರು. ಕುದುರೆ ಮುಟ್ಟುವ ಕ್ರಮದಲ್ಲಿ ಮನೆಗಳಿಗೆ 1, 2, 3 ಎಂದು ಅಂಕಿ ಹಾಕಿದಾಗ ಪ್ರತಿ ಅಡ್ಡಸಾಲು ಮತ್ತು ಪ್ರತಿ ಕಂಬಸಾಲಿನ ಮೊತ್ತ ಒಂದೇ ಆಗಬೇಕು. ಇದು ಕುದುರೆಯ ನಡೆಯೂ ಹೌದು, ಮಾಯಾಚೌಕವೂ ಹೌದು.

8×8 ಮಣೆಯಲ್ಲಿ 1ರಿಂದ 64ರವರೆಗಿನ ಅಂಕಿಗಳ ಒಟ್ಟು ಮೊತ್ತ 2080. ಆದ್ದರಿಂದ ಪ್ರತಿ ಸಾಲಿಗೂ 260 ಬರಬೇಕು. 12×12 ಮಣೆಯಲ್ಲಿ 144 ಮನೆಗಳಿದ್ದು ಒಟ್ಟು ಮೊತ್ತ 10,440. ಪ್ರತಿ ಸಾಲಿಗೆ 870. ಯುರೋಪಿನಲ್ಲಿ 8×8 ಮಣೆಯ ಇಂತಹ ಮೊದಲ ಸಂಚಾರವನ್ನು ವಿಲಿಯಂ ಬೆವರ್ಲಿ 1848ರಲ್ಲಿ ಪ್ರಕಟಿಸಿದನು. ಅದೇ ಕಾಲಘಟ್ಟದಲ್ಲಿ ಮೈಸೂರಿನಲ್ಲಿ ಕೃಷ್ಣರಾಜ ಒಡೆಯರು ಈ ಬಗೆಯ ರಚನೆಗಳಲ್ಲಿ ತೊಡಗಿದ್ದರು. ಅವರ 12×12 ಮಣೆಯ ಸಂಚಾರವು ಗಣಿತ ವಿನೋದದ ಸಾಹಿತ್ಯದಲ್ಲಿ ಮೈಸೂರು ರಾಜರ ಹೆಸರಿನಿಂದಲೇ ಪರಿಚಿತವಾಗಿದೆ. ಅವರ ಕುದುರೆ ನಡೆಗಳಲ್ಲಿ ಕೆಲವನ್ನು ರೇಷ್ಮೆ ಬಟ್ಟೆಯ ಮೇಲೆ ಅಚ್ಚು ಹಾಕಿಸಲಾಗಿತ್ತು.

ಅಡ್ಡಸಾಲು, ಕಂಬಸಾಲುಗಳ ಜೊತೆಗೆ ಎರಡು ಕರ್ಣಗಳ ಮೊತ್ತವೂ 260 ಆಗುವ ಸಂಚಾರ 8×8 ಮಣೆಯಲ್ಲಿ ಸಾಧ್ಯವೇ ಎಂಬ ಪ್ರಶ್ನೆ ಒಂದೂವರೆ ಶತಮಾನ ಕಾಲ ಬಗೆಹರಿಯದೆ ಉಳಿಯಿತು. 2003ರ ಆಗಸ್ಟಿನಲ್ಲಿ ಮುಗಿದ ಗಣಕಯಂತ್ರದ ಸಮಗ್ರ ಹುಡುಕಾಟದಿಂದ, ಸಾಲುಗಳ ಮೊತ್ತ ಸರಿಹೊಂದುವ 140 ಭಿನ್ನ ಸಂಚಾರಗಳಿವೆ, ಆದರೆ ಅವುಗಳಲ್ಲಿ ಯಾವುದರಲ್ಲಿಯೂ ಎರಡೂ ಕರ್ಣಗಳು ಹೊಂದುವುದಿಲ್ಲ ಎಂದು ತಿಳಿದುಬಂದಿತು. ಈ ಹುಡುಕಾಟಕ್ಕೆ ಗಣಕಯಂತ್ರಗಳ ಒಟ್ಟು 61 ದಿನಗಳಿಗಿಂತ ಹೆಚ್ಚಿನ ಕಾಲ ಬೇಕಾಯಿತು. ಮೈಸೂರಿನ ರಚನೆಗಳು ಕೈಲೆಕ್ಕದಿಂದ ಸಿದ್ಧವಾದವು ಎಂಬುದನ್ನು ಇದರೊಂದಿಗೆ ಹೋಲಿಸಿ ನೋಡಿದಾಗ ಅವುಗಳ ಹಿಂದಿನ ಶ್ರಮ ತಿಳಿಯುತ್ತದೆ.

ಮಣೆಯಾಟಗಳು

ಪಗಡೆಯ ಮಾದರಿಯಲ್ಲಿ ದಾಳ ಅಥವಾ ಕವಡೆ ಹಾಕಿ ಕಾಯಿ ನಡೆಸುವ ಹಲವು ಮಣೆಯಾಟಗಳೂ ಅರಮನೆಯಲ್ಲಿ ರೂಪುಗೊಂಡವು. ಇವುಗಳಲ್ಲಿ ಸಾಯುಜ್ಯದ ಹೆಸರಿನ ಆಟಗಳು ಗಮನಾರ್ಹ. ಸಾಯುಜ್ಯ ಎಂದರೆ ದೇವರಲ್ಲಿ ಒಂದಾಗುವುದು. ದೇವೀಸಾಯುಜ್ಯದಂತಹ ಆಟದಲ್ಲಿ ಎದುರಾಳಿಯ ಕಾಯಿ ಕಡಿಯುವುದಕ್ಕಿಂತ ದೇವತಾಸನ್ನಿಧಿಯನ್ನು ಸೇರುವುದೇ ಗುರಿ. ಪರಮಪದ ಸೋಪಾನಪಟದಲ್ಲಿ ಏಣಿಗಳಿಂದ ಏರಿ ಹಾವುಗಳಿಂದ ಇಳಿದು ವೈಕುಂಠವನ್ನು ತಲುಪುವ ಕಲ್ಪನೆ ಜನರಿಗೆ ಮೊದಲೇ ಪರಿಚಿತವಾಗಿತ್ತು. ಅದೇ ಭಾವವನ್ನು ಅರಸರು ತಮ್ಮ ಇಷ್ಟದೇವತೆಯ ಸುತ್ತ ಬೆಳೆಸಿದರು.

1861ರಲ್ಲಿ ಮೈಸೂರಿನಲ್ಲಿ ಕಟ್ಟಿಸಿದ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಒಡೆಯರ ವಂಶವೃಕ್ಷ, ದಸರಾ ಮೆರವಣಿಗೆ ಮುಂತಾದ ಚಿತ್ರಗಳ ಜೊತೆಗೆ ಆಟಗಳ ಪಟಗಳನ್ನೂ ಬಿಡಿಸಲಾಗಿದೆ. ಹಸ್ತಪ್ರತಿಯಲ್ಲಿರುವ ಆಟಗಳ ಬಗೆಯನ್ನು ಗೋಡೆಯ ಮೇಲೆ ಎಲ್ಲರ ಕಣ್ಣಿಗೆ ಬೀಳುವಂತೆ ಚಿತ್ರಿಸಿದ್ದು, ಅರಸರು ಈ ರಚನೆಗಳಿಗೆ ಕೊಟ್ಟ ಸ್ಥಾನವನ್ನು ತೋರಿಸುತ್ತದೆ. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾಯಿತು. ಜಗನ್ಮೋಹನ ಅರಮನೆಯ ಭಿತ್ತಿಚಿತ್ರಗಳು ಉಳಿದವು. 1915ರಲ್ಲಿ ಈ ಅರಮನೆ ಕಲಾಶಾಲೆಯಾಯಿತು.

ಆಟ ಮತ್ತು ಅಧಿಕಾರ

ಅರಸರ ಆಟಗಳ ಬಗ್ಗೆ ಎರಡು ಬಗೆಯ ಅಭಿಪ್ರಾಯಗಳಿವೆ. ಆಡಳಿತವನ್ನು ಕೈಗೆತ್ತಿಕೊಂಡ ಬ್ರಿಟಿಷ್ ಅಧಿಕಾರಿಗಳ ವರದಿಗಳಲ್ಲಿ ದುಂದುವೆಚ್ಚ ಮತ್ತು ವಿನೋದಪ್ರಿಯತೆ ಅರಸರ ದೋಷಗಳಾಗಿ ಕಾಣಿಸಿಕೊಳ್ಳುತ್ತವೆ. ಈ ದೃಷ್ಟಿಯಲ್ಲಿ ಆಟವೆಂದರೆ ಕೆಲಸವಿಲ್ಲದ ದೊರೆಯ ಕಾಲಹರಣ. ಇನ್ನೊಂದು ದೃಷ್ಟಿಯಲ್ಲಿ ಆಟಗಳು ಒಂದು ದೊಡ್ಡ ಸಾಂಸ್ಕೃತಿಕ ಕಾರ್ಯದ ಅಂಗ. ಕೃಷ್ಣರಾಜ ಒಡೆಯರ ಆಸ್ಥಾನದಲ್ಲಿ ಕೆಂಪುನಾರಾಯಣ, ಅಳಿಯ ಲಿಂಗರಾಜ ಮೊದಲಾದ ಕವಿಗಳಿದ್ದರು. ಕೃಷ್ಣರಾಜವಾಣೀವಿಲಾಸ ಎಂಬ ಕನ್ನಡ ಮಹಾಭಾರತ, ಸೌಗಂಧಿಕಾ ಪರಿಣಯ ಮುಂತಾದ ಅನೇಕ ಕೃತಿಗಳು ಅರಸರ ಹೆಸರಿನಲ್ಲಿ ಪ್ರಸಿದ್ಧವಾಗಿವೆ. 1833ರಲ್ಲಿ ಅವರ ಆಶ್ರಯದಲ್ಲಿ ಮೈಸೂರಿನಲ್ಲಿ ಇಂಗ್ಲಿಷ್ ಶಾಲೆ ಆರಂಭವಾಯಿತು. ಅರಮನೆಯಲ್ಲಿಯೇ ಮುದ್ರಣಾಲಯ ನಡೆಯಿತು. ಶ್ರೀತತ್ತ್ವನಿಧಿಯೂ ಅದರೊಳಗಿನ ಆಟಗಳೂ ಈ ಸಾಲಿಗೆ ಸೇರುತ್ತವೆ.

ಸಂಸ್ಥಾನದ ಭವಿಷ್ಯವೇ ಆಗ ಅನಿಶ್ಚಿತವಾಗಿತ್ತು. ಅರಸರಿಗೆ ಔರಸ ಉತ್ತರಾಧಿಕಾರಿ ಇರಲಿಲ್ಲ. ಅವರ ಬಳಿಕ ಮೈಸೂರು ಬ್ರಿಟಿಷ್ ಭಾರತದಲ್ಲಿ ಲೀನವಾಗುವ ಸಾಧ್ಯತೆ ಎದುರಿಗಿತ್ತು. 1865ರಲ್ಲಿ ಅವರು ಚಾಮರಾಜೇಂದ್ರ ಒಡೆಯರನ್ನು ದತ್ತು ಪಡೆದರು. ದತ್ತು ಮಗನಿಗೆ ಮುಂದೆ ರಾಜ್ಯವನ್ನು ಹಿಂದಿರುಗಿಸಬೇಕೆಂಬ ತೀರ್ಮಾನ 1867ರಲ್ಲಿ ಇಂಗ್ಲೆಂಡಿನಿಂದ ಬಂದಿತು. ಮರುವರ್ಷ ಅರಸರು ತೀರಿಕೊಂಡರು. 1881ರಲ್ಲಿ ಅಧಿಕಾರ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಈ ದೀರ್ಘ ಕಾಲದಲ್ಲಿ ರಾಜಮನೆತನದ ಗೌರವವನ್ನು ಆಡಳಿತದಿಂದ ತೋರಿಸಲು ಅವಕಾಶವಿರಲಿಲ್ಲ. ವಿದ್ಯೆ, ದೇವತಾಭಕ್ತಿ ಮತ್ತು ಕಲೆಗಳ ಪೋಷಣೆಯೇ ಉಳಿದ ದಾರಿಯಾಗಿತ್ತು. ರಾಜ, ಮಂತ್ರಿ, ಸೇನೆ, ದಿಕ್ಪಾಲಕರು, ಕುಲದೇವತೆ ಎಲ್ಲರೂ ತಮ್ಮ ತಮ್ಮ ಸ್ಥಾನದಲ್ಲಿರುವ ಆಟಗಳನ್ನು ಕಟ್ಟಿದ್ದು ಅಂತಹ ಅರಸರೇ ಎಂಬುದು ಗಮನಿಸಬೇಕಾದ ಸಂಗತಿ.

ಪ್ರಸಾರ ಮತ್ತು ಮಿತಿಗಳು

ಕೃಷ್ಣರಾಜ ಒಡೆಯರ ಛದಗಳು ಜನಸಾಮಾನ್ಯರ ನಡುವೆ ಹರಡಲಿಲ್ಲ. ಅವುಗಳ ಬಳಕೆ ಬಹುಶಃ ಅರಮನೆಯ ವಲಯಕ್ಕೆ ಸೀಮಿತವಾಗಿತ್ತು. ಇದಕ್ಕೆ ಹಲವು ಕಾರಣಗಳನ್ನು ಕೊಡಬಹುದು. ಕಟ್ಟುಗಳು ದೊಡ್ಡವಾಗಿದ್ದು ಕೈಯಿಂದ ಬರೆದ ದುಬಾರಿ ವಸ್ತುಗಳಾಗಿದ್ದವು. ನಿಯಮಗಳು ಜಟಿಲವಾಗಿದ್ದವು. ವಿವರಣೆ ಸಂಸ್ಕೃತದಲ್ಲಿದ್ದು ಹಸ್ತಪ್ರತಿಯಲ್ಲಿ ಅಡಗಿತ್ತು. ಜೊತೆಗೆ ಯುರೋಪಿನಿಂದ ಬಂದ ಅಚ್ಚಿನ 52 ಎಲೆಗಳ ಇಸ್ಪೀಟು ಕಟ್ಟು ಅಗ್ಗವಾಗಿ ದೊರೆಯತೊಡಗಿತು. ಇದರಿಂದ ದೇಶದಾದ್ಯಂತ ಗಂಜೀಫಾ ಆಟವೇ ಕ್ಷೀಣಿಸಿತು. ಪಗಡೆ, ಚೌಕಾಬಾರಗಳು ನೆಲದ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ನಾಲ್ಕು ಕವಡೆ ಅಥವಾ ಹುಣಸೆಬೀಜದಿಂದ ಆಡಬಹುದಾದ ಆಟಗಳಾದ್ದರಿಂದ ಉಳಿದುಕೊಂಡವು. ಅರಮನೆಯ ಆಟಗಳಿಗೆ ಆ ಅನುಕೂಲ ಇರಲಿಲ್ಲ.

ಆಧುನಿಕ ಅಧ್ಯಯನ ಮತ್ತು ಪುನರುಜ್ಜೀವನ

ಶ್ರೀತತ್ತ್ವನಿಧಿಯ ಪ್ರತಿಗಳು ಮೈಸೂರಿನಲ್ಲಿ ಸಂರಕ್ಷಿತವಾಗಿವೆ. ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯವು 1990ರ ದಶಕದಿಂದ ಈ ಗ್ರಂಥದ ಕೆಲವು ನಿಧಿಗಳನ್ನು ವರ್ಣಚಿತ್ರಗಳೊಂದಿಗೆ ಪ್ರಕಟಿಸಿದೆ. ಛದಗಳನ್ನು ಅಂತರರಾಷ್ಟ್ರೀಯ ವಿದ್ವಾಂಸರಿಗೆ ಪರಿಚಯಿಸಿದವರಲ್ಲಿ ಜರ್ಮನಿಯಲ್ಲಿ ಹುಟ್ಟಿ ಮುಂಬಯಿಯಲ್ಲಿ ನೆಲೆಸಿದ್ದ ಕಲಾವಿಮರ್ಶಕ ರುಡಾಲ್ಫ್ ವಾನ್ ಲೈಡನ್ (1908–1983) ಪ್ರಮುಖರು. ಭಾರತದ ಗಂಜೀಫಾ ಎಲೆಗಳನ್ನು ಸಂಗ್ರಹಿಸಿ ಅಧ್ಯಯನ ಮಾಡಿದ ಅವರು ಮೈಸೂರಿನ ಛದಗಳ ಬಗ್ಗೆಯೂ ಬರೆದರು. ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ 1982ರಲ್ಲಿ ನಡೆದ ಗಂಜೀಫಾ ಪ್ರದರ್ಶನಕ್ಕೆ ಅವರದೇ ಪುಸ್ತಕವಿತ್ತು. ಅರಸರ ಮಣೆಯಾಟಗಳು ಮತ್ತು ಚದುರಂಗ ಬಂಧಗಳನ್ನು ಇತಿಹಾಸಕಾರ್ತಿ ಆರ್. ವಸಂತಾ ಅವರು ಅಧ್ಯಯನ ಮಾಡಿ 2006ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು.

ಉಡುಪಿ ಮೂಲದ ಕಲಾವಿದ ರಘುಪತಿ ಭಟ್ಟರು ಮೈಸೂರು ಶೈಲಿಯ ಗಂಜೀಫಾ ಚಿತ್ರಣವನ್ನು ಮತ್ತೆ ಬೆಳಕಿಗೆ ತಂದರು. ಅವರು ಗಂಜೀಫಾ ರಘುಪತಿ ಭಟ್ಟ ಎಂದೇ ಪರಿಚಿತರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನವು ಕ್ರೀಡಾಕೌಶಲ್ಯ ಎಂಬ ಹೆಸರಿನಲ್ಲಿ ಸಾಂಪ್ರದಾಯಿಕ ಆಟಗಳ ಪ್ರದರ್ಶನಗಳನ್ನು ನಡೆಸಿ, ಕುಶಲಕರ್ಮಿಗಳಿಂದ ಪಗಡೆಹಾಸು, ಮಣೆ, ದಾಳ, ಎಲೆಗಳನ್ನು ಹೊಸದಾಗಿ ಮಾಡಿಸುತ್ತ ಬಂದಿದೆ. ಆದರೆ ಇಂದು ಗಂಜೀಫಾ ಎಲೆಗಳು ಹೆಚ್ಚಾಗಿ ಮಾರಾಟವಾಗುವುದು ಗೋಡೆಗೆ ತೂಗುಹಾಕುವ ಕಲಾಕೃತಿಗಳಾಗಿ. ಅವುಗಳಿಂದ ಆಡಬಲ್ಲವರು ವಿರಳ.

ಇತರ ಸಂಪ್ರದಾಯಗಳೊಂದಿಗೆ ಹೋಲಿಕೆ

ಆಟಗಳನ್ನು ಸಂಕಲಿಸಿದ ಅರಸರಲ್ಲಿ ಸ್ಪೇನಿನ ಕ್ಯಾಸ್ಟೀಲಿನ ಹತ್ತನೆಯ ಅಲ್ಫೋನ್ಸೊ ಪ್ರಸಿದ್ಧನು. 1283ರಲ್ಲಿ ಸಿದ್ಧವಾದ ಅವನ ಸಚಿತ್ರ ಆಟಗಳ ಪುಸ್ತಕದಲ್ಲಿ ಚದುರಂಗ, ದಾಳ ಮತ್ತು ಹಲಗೆಯಾಟಗಳ ವಿವರವಿದೆ. ಕೃಷ್ಣರಾಜ ಒಡೆಯರ ಸಮಕಾಲೀನವಾಗಿ ಪ್ರಷ್ಯಾದಲ್ಲಿ ರೈಸ್ವಿಟ್ಜ್ 1824ರಲ್ಲಿ ಸೇನಾಧಿಕಾರಿಗಳ ತರಬೇತಿಗಾಗಿ ಯುದ್ಧದ ಆಟವೊಂದರ ನಿಯಮಾವಳಿಯನ್ನು ಪ್ರಕಟಿಸಿದನು. ಯುದ್ಧದ ಆಟಗಳ ಆ ಪರಂಪರೆ ಅಮೆರಿಕದಲ್ಲಿ ಬೆಳೆದು, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಪ್ರಕಟಿಸಿದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರಾಭಿನಯ ಆಟಕ್ಕೆ ದಾರಿಯಾಯಿತು. ಅಲ್ಲಿ ಅಚ್ಚಾದ ನಿಯಮಪುಸ್ತಕಗಳು ಸೈನ್ಯದಿಂದ ಹವ್ಯಾಸಿಗಳ ಕೈಗೆ, ಅವರಿಂದ ಮಾರುಕಟ್ಟೆಗೆ ತಲುಪಿದವು. ಪ್ರತಿ ತಲೆಮಾರೂ ಹಿಂದಿನ ನಿಯಮಗಳನ್ನು ತಿದ್ದಿ ಹೊಸ ಆಟ ಕಟ್ಟಿತು. ಮೈಸೂರಿನ ಆಟಗಳಿಗೆ ಅಂತಹ ಓದುಗರ ಮತ್ತು ಆಟಗಾರರ ಬಳಗ ದೊರೆಯಲಿಲ್ಲ. ಆದರೂ ಎಲೆಗಳ ಎಣಿಕೆ, ಚಿಹ್ನೆ ಮತ್ತು ಚಿತ್ರಗಳು ಕೌತುಕನಿಧಿಯ ಪುಟಗಳಲ್ಲಿ ಉಳಿದಿರುವುದರಿಂದ, ಅವುಗಳನ್ನು ಮತ್ತೆ ಸಿದ್ಧಪಡಿಸಿ ಆಡಿನೋಡುವ ಅವಕಾಶ ಇನ್ನೂ ಇದೆ.